ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್: ಒಂದು ಕಾರಿನ ಮೂರು ಜನ್ಮ

ನಮ್ಮ ವ್ಯಾಕರಣದಲ್ಲಿ ಅನುಕರಣಾವ್ಯಯವೆಂಬ ಒಂದು ಬಗೆಯ ಶಬ್ದಗಳುಂಟು. ಬೆಂಕಿ ಧಗಧಗ ಉರಿಯಿತು, ಮಳೆ ಧೋ ಎಂದು ಸುರಿಯಿತು, ಗಾಡಿ ಗಡಗಡ ಉರುಳಿತು ಎನ್ನುವಾಗ ಕಿವಿಗೆ ಬಿದ್ದ ಸದ್ದೇ ಮಾತಾಗಿ ನಿಲ್ಲುತ್ತದೆ. ಇಂಗ್ಲಿಷರೂ ಈ ವಿಷಯದಲ್ಲಿ ನಮಗಿಂತ ಹಿಂದೆ ಬಿದ್ದವರಲ್ಲ. ಮೋಟಾರು ಕಾರೊಂದರ ಇಂಜಿನು ಮೊದಲು ಸಣ್ಣಗೆ ಸೀನಿ, ಅನಂತರ ಕೋವಿ ಸಿಡಿದಂತೆ ಸಿಡಿದು, ಮೆಲ್ಲಗೆ ಜೀವ ತಳೆಯುವ ಸದ್ದನ್ನೇ ಹಿಡಿದು ಅವರು ಅದಕ್ಕೆ ನಾಮಕರಣ ಮಾಡಿದರು: 'ಚಿಟ್ಟಿ ಚಿಟ್ಟಿ ಬ್ಯಾಂಗ್ ಬ್ಯಾಂಗ್'. 1968ನೆಯ ಇಸವಿಯಲ್ಲಿ ಇದೇ ಹೆಸರಿನ ಚಲಚ್ಚಿತ್ರ ತೆರೆಗೆ ಬಂದಿತು. ಅಂದಿನಿಂದ ಈ ಕಾರು ಲೋಕದ ಅನೇಕ ಮಕ್ಕಳಿಗೆ ನೆರೆಮನೆಯವರಷ್ಟೇ ಪರಿಚಿತವಾಗಿದೆ.

ನೆಲದಲ್ಲಿ ಓಡುವ, ನೀರಿನಲ್ಲಿ ತೇಲುವ, ಮನಸ್ಸು ಬಂದರೆ ರೆಕ್ಕೆ ಬಿಚ್ಚಿ ಆಕಾಶಕ್ಕೇರುವ ವಾಹನವದು. ಪುಷ್ಪಕವಿಮಾನದ ಕತೆ ಕೇಳಿ ಬೆಳೆದ ನಮಗೆ ಹಾರುವ ರಥವೇನೂ ಹೊಸದಲ್ಲ. ಆದರೆ ಪುಷ್ಪಕವನ್ನು ಯಾರೂ ಕಾರ್ಖಾನೆಯಲ್ಲಿ ನಿಲ್ಲಿಸಿಕೊಂಡು ಮೊಳೆ ಹೊಡೆಯಲಿಲ್ಲ. ಈ ಕಾರನ್ನಾದರೋ ಕಮ್ಮಾರರೂ ಬಡಗಿಗಳೂ ಯಂತ್ರಶಿಲ್ಪಿಗಳೂ ಕೂಡಿ ನಿಜವಾಗಿಯೇ ಕಟ್ಟಿದರು. ಕಟ್ಟಿದ್ದು ಮಾತ್ರ ನಟಿಸುವುದಕ್ಕಾಗಿ. ಹಾಗಾದರೆ ಅದು ನಿಜವಾದ ಕಾರೋ, ಬಣ್ಣ ಬಳಿದ ವೇಷವೋ? ಈ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ನಾವು ಆ ಚಿತ್ರಕ್ಕಿಂತ ಸುಮಾರು ಅರ್ಧ ಶತಮಾನದಷ್ಟು ಹಿಂದಕ್ಕೆ ಹೋಗಬೇಕಾಗುತ್ತದೆ. ಏಕೆಂದರೆ ಈ ಕಾರಿಗೆ ಒಂದಲ್ಲ, ಮೂರು ಜನ್ಮಗಳು.

ಮೊದಲನೆಯ ಜನ್ಮ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ, ಕ್ಯಾಂಟರ್‌ಬರಿ ನಗರದ ಸಮೀಪದ ಹೈಯಮ್ ಪಾರ್ಕ್ ಎಂಬ ದೊಡ್ಡ ಬಂಗಲೆಯ ಆವರಣದಲ್ಲಿ. ಅದರ ಒಡೆಯ ಕೌಂಟ್ ಲೂಯಿ ಜ್ಬೊರೊವ್ಸ್ಕಿ. ತಂದೆಯ ಕಡೆಯಿಂದ ಪೋಲಿಷ್ ಹೆಸರು, ತಾಯಿಯ ಕಡೆಯಿಂದ ಅಮೆರಿಕೆಯ ಆಸ್ಟರ್ ಮನೆತನದ ಅಪಾರ ಐಶ್ವರ್ಯ. 1895ರಲ್ಲಿ ಹುಟ್ಟಿದ ಈ ಲೂಯಿಗೆ ಎಂಟು ವರ್ಷವಾಗಿದ್ದಾಗ, 1903ರಲ್ಲಿ, ತಂದೆ ಫ್ರಾನ್ಸಿನ ಲಾ ತುರ್ಬಿ ಎಂಬಲ್ಲಿ ಬೆಟ್ಟ ಏರುವ ಕಾರುಪಂದ್ಯದಲ್ಲಿ ಮರ್ಸಿಡಿಸ್ ಕಾರು ನಡೆಸುತ್ತ ಮಡಿದನು. 1911ರಲ್ಲಿ ತಾಯಿಯೂ ತೀರಿಕೊಂಡಳು. ಹದಿನಾರು ವರ್ಷದ ಹುಡುಗನ ಕೈಗೆ ಕೋಟ್ಯಂತರ ಹಣ ಬಂದಿತು. ಬುದ್ಧಿ ಹೇಳುವ ತಂದೆತಾಯಿಗಳು ಇರಲಿಲ್ಲ. ಅಂಥವನು ಹಣವನ್ನು ಎಲ್ಲಿ ಸುರಿದಾನೆಂಬುದನ್ನು ಊಹಿಸುವುದು ಕಷ್ಟವಲ್ಲ. ತಂದೆಯನ್ನು ನುಂಗಿದ ಆಟವೇ ಮಗನ ಹುಚ್ಚಾಯಿತು.

ಮೊದಲನೆಯ ಮಹಾಯುದ್ಧ ಮುಗಿದಿದ್ದ ಕಾಲವದು. ಯುದ್ಧಕ್ಕಾಗಿ ತಯಾರಿಸಿದ್ದ ವಿಮಾನದ ಇಂಜಿನುಗಳು ಕೆಲಸವಿಲ್ಲದೆ ರಾಶಿಬಿದ್ದಿದ್ದವು. ಅಂಥದೊಂದನ್ನು ತಂದು ಕಾರಿಗೆ ಕೂಡಿಸಿದರೆ ಹೇಗೆ? ಲೂಯಿಯೂ ಅವನ ಮಿತ್ರನಾದ ಕ್ಲೈವ್ ಗ್ಯಾಲಪ್ ಎಂಬ ಇಂಜಿನಿಯರನೂ ಹಳೆಯ ಮರ್ಸಿಡಿಸ್ ಕಾರೊಂದರ ಚೌಕಟ್ಟನ್ನು ಉದ್ದ ಮಾಡಿ, ಅದರ ಮೇಲೆ ಜರ್ಮನಿಯ ಮೇಬಾಕ್ ವಿಮಾನಯಂತ್ರವನ್ನು ಕೂರಿಸಿದರು. ಆರೇ ಸಿಲಿಂಡರು; ಆದರೆ ಆ ಆರರ ಒಟ್ಟು ಗಾತ್ರ 23 ಲೀಟರು! ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿದ ಮಾರುತಿ 800 ಕಾರಿನ ಇಂಜಿನಿನ ಗಾತ್ರ ಒಂದು ಲೀಟರಿಗೂ ಕಡಮೆ, 796 ಘನ ಸೆಂಟಿಮೀಟರು. ಅಂಥ ಇಪ್ಪತ್ತೆಂಟು ಇಪ್ಪತ್ತೊಂಬತ್ತು ಇಂಜಿನುಗಳನ್ನು ಒಟ್ಟುಗೂಡಿಸಿದರೆ ಲೂಯಿಯ ಒಂದು ಇಂಜಿನಾಗುತ್ತಿತ್ತು.

ಇಷ್ಟು ದೊಡ್ಡ ಯಂತ್ರದಿಂದ ಏನು ಪ್ರಯೋಜನವೆಂದು ಕೇಳಬಹುದು. ಇದರ ಮರ್ಮ ಹೀಗಿದೆ. ಸಣ್ಣ ಇಂಜಿನು ಹೆಚ್ಚು ಶಕ್ತಿ ಕೊಡಬೇಕಾದರೆ ನಿಮಿಷಕ್ಕೆ ಅನೇಕ ಸಾವಿರ ಸುತ್ತು ತಿರುಗಬೇಕು. ವಿಮಾನದ ಇಂಜಿನಾದರೋ ಗಾಳಿಯನ್ನು ತಳ್ಳುವ ದೊಡ್ಡ ಪಂಖವನ್ನು ತಿರುಗಿಸಲೆಂದು ಮಾಡಿದ್ದು. ಪಂಖ ಅತಿವೇಗವಾಗಿ ತಿರುಗಿದರೆ ಕೆಲಸ ಕೆಡುತ್ತದೆ. ಆದ್ದರಿಂದ ಅದು ನಿಧಾನವಾಗಿ ತಿರುಗುತ್ತಲೇ ಭಾರೀ ಬಲವನ್ನು ಕೊಡುವಂತೆ ರಚಿತವಾಗಿರುತ್ತದೆ. ಮೇಬಾಕ್ ಯಂತ್ರ ಸುಮಾರು 300 ಅಶ್ವಶಕ್ತಿಯನ್ನು ಹೀಗೆ ಗಜಗಾಂಭೀರ್ಯದಿಂದ ಕೊಡುತ್ತಿತ್ತು. ಆ ಬಲ ನಮ್ಮ ಸೈಕಲ್ಲಿನಲ್ಲಿರುವಂತೆ ಸರಪಳಿಗಳ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. ಒಂದೊಂದು ಸಿಲಿಂಡರಿನ ಸಿಡಿತವೂ ಬೇರೆ ಬೇರೆಯಾಗಿ ಕೇಳುವಂತಿದ್ದ ಕಾರಣದಿಂದಲೇ ಆ ವಿಚಿತ್ರ ಹೆಸರು ಹುಟ್ಟಿತೆಂದು ಕೆಲವರ ಮತ. ಯುದ್ಧಕಾಲದ ಸೈನಿಕರ ತುಂಟ ಹಾಡೊಂದರಿಂದ ಬಂದಿತೆಂದು ಬೇರೆ ಕೆಲವರ ಅಭಿಪ್ರಾಯ. ಆಗ ಹೆಸರಿನಲ್ಲಿ 'ಚಿಟ್ಟಿ' ಒಂದೇ ಸಲ ಇದ್ದಿತು: ಚಿಟ್ಟಿ ಬ್ಯಾಂಗ್ ಬ್ಯಾಂಗ್.

1921ರ ಈಸ್ಟರ್ ಹಬ್ಬದ ಪಂದ್ಯಗಳಲ್ಲಿ ಈ ಕಾರು ಬ್ರೂಕ್‌ಲ್ಯಾಂಡ್ಸ್ ಎಂಬ ಪ್ರಸಿದ್ಧ ಕಾಂಕ್ರೀಟು ಓಟದ ಹಾದಿಗೆ ಇಳಿಯಿತು. ಲಾರಿಯಂಥ ಮೈ, ಒಲೆಯ ಕೊಳವೆಯಂಥ ಹೊಗೆನಳಿಗೆ. ನೋಡಿದವರಿಗೆ ನಗು ತಡೆಯಲಾಗಿರಲಾರದು. ಆದರೆ ಅಂದು ಅದು ಎರಡು ಪಂದ್ಯಗಳನ್ನು ಗೆದ್ದಿತು; ಗಂಟೆಗೆ ನೂರು ಮೈಲಿಯನ್ನು ಮೀರಿ ಓಡಿತು. ಲೂಯಿ ಇಷ್ಟಕ್ಕೆ ನಿಲ್ಲಲಿಲ್ಲ. 18.8 ಲೀಟರಿನ ಬೆಂಜ್ ವಿಮಾನಯಂತ್ರವನ್ನು ಹೂಡಿ ಎರಡನೆಯ ಚಿಟ್ಟಿಯನ್ನು ಕಟ್ಟಿದನು. 1922ರಲ್ಲಿ ಹೆಂಡತಿಯನ್ನೂ ಗೆಳೆಯರನ್ನೂ ಕೂಡಿಕೊಂಡು ಅದರಲ್ಲಿ ಸಹಾರಾ ಮರುಭೂಮಿಯ ಕಡೆಗೆ ಯಾತ್ರೆ ಹೋಗಿಬಂದನು. ಮುಂದೆ 27 ಲೀಟರಿನ ಲಿಬರ್ಟಿ ವಿಮಾನಯಂತ್ರದ 'ಹೈಯಮ್ ಸ್ಪೆಷಲ್' ಎಂಬ ಮತ್ತೊಂದು ದೈತ್ಯ ಸಿದ್ಧವಾಯಿತು. ತನ್ನ ತೋಟದಲ್ಲಿ ಪುಟ್ಟ ರೈಲುಮಾರ್ಗವನ್ನೂ ಹಾಕಿಸಿಕೊಂಡಿದ್ದ ಈ ಮಹಾರಾಯ ಎರಡು ಪುಟ್ಟ ರೈಲು ಇಂಜಿನುಗಳಿಗೆ ಬೇಡಿಕೆಯನ್ನೂ ಕಳುಹಿಸಿದ್ದನು.

ಆ ರೈಲು ಇಂಜಿನುಗಳನ್ನು ನೋಡುವ ಭಾಗ್ಯ ಅವನಿಗಿರಲಿಲ್ಲ. 1924ರ ಅಕ್ಟೋಬರ್ 19ರಂದು ಇಟಲಿಯ ಮೊಂಜಾದಲ್ಲಿ ನಡೆದ ಪಂದ್ಯದಲ್ಲಿ ಅವನ ಕಾರು ಹಾದಿ ತಪ್ಪಿ ಮರಕ್ಕೆ ಬಡಿಯಿತು. ಅಂದು ಅವನು ನಡೆಸುತ್ತಿದ್ದುದೂ ಮರ್ಸಿಡಿಸ್ ಕಾರನ್ನೇ. ಸಾಯುವಾಗ ತಂದೆ ತೊಟ್ಟಿದ್ದ ಅಂಗಿಯ ಗುಂಡಿಗಳನ್ನೇ ಮಗನೂ ಅಂದು ತೊಟ್ಟಿದ್ದನೆಂದು ಒಂದು ಐತಿಹ್ಯವುಂಟು. ನಿಜವೋ ಸುಳ್ಳೋ, ಇಪ್ಪತ್ತೊಂಬತ್ತರ ಹರೆಯದಲ್ಲಿ ಒಬ್ಬ ಸಾಹಸಿ ಕಣ್ಣು ಮುಚ್ಚಿದ್ದಂತೂ ನಿಜ.

ಒಡೆಯನಿಲ್ಲದ ಕಾರುಗಳು ಚದುರಿಹೋದುವು. ಎರಡನೆಯ ಚಿಟ್ಟಿ ಕೈಯಿಂದ ಕೈಗೆ ದಾಟುತ್ತ ಉಳಿದುಕೊಂಡಿತು. ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗೆದ್ದ ಮೊದಲನೆಯ ಚಿಟ್ಟಿ ಷೆರ್ಲಾಕ್ ಹೋಮ್ಸನ ಕರ್ತೃವಾದ ಕಾನನ್ ಡಾಯ್ಲ್ ಅವರ ಮಕ್ಕಳ ಕೈಗೆ ಸ್ವಲ್ಪ ಕಾಲ ಬಂದಿತ್ತು. ಆಮೇಲೆ ಅದು ಮೂಲೆ ಸೇರಿತು. ಕೊನೆಗೆ ಬಿಡಿಭಾಗಗಳಾಗಿ ಕಳಚಿಹೋಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಗುಜರಿ ಸೇರಿತು. ಮೊದಲ ಜನ್ಮ ಹೀಗೆ ಮುಗಿಯಿತು.

ಎರಡನೆಯ ಜನ್ಮಕ್ಕೆ ಕಾರ್ಖಾನೆ ಬೇಕಾಗಲಿಲ್ಲ. ಕಾಗದ ಮತ್ತು ಲೇಖನಿ ಸಾಕಾಯಿತು. ಜೇಮ್ಸ್ ಬಾಂಡ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ 1961ರಲ್ಲಿ ಹೃದಯಾಘಾತಕ್ಕೆ ತುತ್ತಾಗಿ ಹಾಸಿಗೆ ಹಿಡಿದರು. ಅವರಿಗೆ ಕ್ಯಾಸ್ಪರ್ ಎಂಬ ಒಬ್ಬನೇ ಮಗ. ಮಲಗುವ ಹೊತ್ತಿನಲ್ಲಿ ಅವನಿಗೆ ಹೇಳುತ್ತಿದ್ದ ಮಾಯಾಕಾರಿನ ಕತೆಯನ್ನು ಚೇತರಿಸಿಕೊಳ್ಳುತ್ತಿದ್ದ ಆ ದಿನಗಳಲ್ಲಿ ಬರೆದು ಇಳಿಸಿದರು. ಜ್ಬೊರೊವ್ಸ್ಕಿಯ ಕಾರನ್ನು ಅವರು ಮರೆತಿರಲಿಲ್ಲ. ಅದರ ಹೆಸರಿಗೆ ಇನ್ನೊಂದು 'ಚಿಟ್ಟಿ'ಯನ್ನು ಜೋಡಿಸಿ ತಮ್ಮ ಕತೆಯ ಕಾರಿಗೆ ಇಟ್ಟರು. ಕತೆಯ ಕಾರಿನ ಸಂಖ್ಯಾಫಲಕದಲ್ಲಿಯೂ ಒಂದು ಚಮತ್ಕಾರವಿದೆ. ಜಿ, ಇ, ಎನ್ ಎಂಬ ಮೂರು ಅಕ್ಷರಗಳ ಮುಂದಿನ ಎರಡು ಒಂದಂಕಿಗಳನ್ನು ಇಂಗ್ಲಿಷಿನ 'ಐ' ಅಕ್ಷರಗಳೆಂದು ಓದಿದರೆ 'ಮಾಯಾಶಕ್ತಿಯುಳ್ಳ ಯಕ್ಷರು' ಎಂಬ ಅರ್ಥದ ಶಬ್ದವಾಗುತ್ತದೆ.

ಆದರೆ ಅಚ್ಚಾದ ಪುಸ್ತಕವನ್ನು ತಂದೆ ಮಗನ ಕೈಗೆ ಕೊಡಲಾಗಲಿಲ್ಲ. 1964ರ ಆಗಸ್ಟ್ 12ರಂದು, ಕ್ಯಾಸ್ಪರನಿಗೆ ಹನ್ನೆರಡು ತುಂಬಿದ ದಿನವೇ, ಫ್ಲೆಮಿಂಗ್ ಕ್ಯಾಂಟರ್‌ಬರಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಚಿಟ್ಟಿಯು ಮೊದಲು ಗುಡುಗಿದ ಹೈಯಮ್ ಪಾರ್ಕ್ ಅಲ್ಲಿಂದ ಕೆಲವೇ ಮೈಲಿಗಳ ದೂರ. ಪುಸ್ತಕದ ಮೊದಲನೆಯ ಭಾಗ ಹೊರಬಂದದ್ದು ಎರಡು ತಿಂಗಳಾದ ಮೇಲೆ, ಅಕ್ಟೋಬರಿನಲ್ಲಿ. ಮಕ್ಕಳನ್ನು ನಗಿಸುತ್ತಿರುವ ಕತೆಯೊಂದರ ಹಿಂದೆ ಇಂಥ ನೋವಿದೆಯೆಂದು ಎಷ್ಟು ಓದುಗರಿಗೆ ಗೊತ್ತು?

ಮೂರನೆಯ ಜನ್ಮವೇ ಚಲಚ್ಚಿತ್ರದ ಕಾರು. ಬಾಂಡ್ ಚಿತ್ರಗಳ ನಿರ್ಮಾಪಕರಲ್ಲೊಬ್ಬರಾದ ಆಲ್ಬರ್ಟ್ ಬ್ರೊಕೊಲಿ ಈ ಕತೆಯನ್ನು ಚಿತ್ರವಾಗಿಸಲು ಹೊರಟರು. ಕೆನ್ ಹ್ಯೂಸ್ ನಿರ್ದೇಶಕರು. ಚಿತ್ರಕಥೆಯಲ್ಲಿ ಅವರ ಜತೆಗೆ ಮಕ್ಕಳ ಸಾಹಿತಿ ರೋಆಲ್ಡ್ ಡಾಲ್. ನಾಯಕ ಡಿಕ್ ವ್ಯಾನ್ ಡೈಕ್. ಕಾರನ್ನು ರೂಪಿಸುವ ಹೊಣೆ ಕಲಾನಿರ್ದೇಶಕ ಕೆನ್ ಆಡಮ್ ಅವರ ಪಾಲಿಗೆ ಬಂದಿತು. ಬರ್ಲಿನ್ ನಗರದಲ್ಲಿ ಯೆಹೂದಿ ಮನೆಯಲ್ಲಿ ಹುಟ್ಟಿ, ಹಿಟ್ಲರನ ಕಾಲದಲ್ಲಿ ಬಾಲಕನಾಗಿರುವಾಗಲೇ ಇಂಗ್ಲೆಂಡಿಗೆ ವಲಸೆ ಬಂದು, ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಯುದ್ಧವಿಮಾನ ನಡೆಸಿದವರು ಅವರು. ಹಾರುವ ಕಾರನ್ನು ಕಲ್ಪಿಸಲು ಹಾರಿದ ಅನುಭವವುಳ್ಳವರೇ ಸಿಕ್ಕಂತಾಯಿತು.

ಕಟ್ಟಿದವರು ಪಂದ್ಯದ ಕಾರುಗಳನ್ನು ಸಿದ್ಧಪಡಿಸುತ್ತಿದ್ದ ಆಲನ್ ಮಾನ್ ರೇಸಿಂಗ್ ಸಂಸ್ಥೆಯವರು, ವರ್ಷ 1967. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸಿನಿಮಾಕ್ಕೆ ಬೇಕಾದದ್ದು ದೂರದಿಂದ ಕಾರಿನಂತೆ ಕಂಡರೆ ಸಾಕಲ್ಲವೇ? ಹಲಗೆಯ ಕೋಟೆಗೆ ಕಲ್ಲಿನ ಬಣ್ಣ ಬಳಿಯುವುದು ಆ ಲೋಕದ ನಿತ್ಯದ ಕೆಲಸ. ಆದರೆ ಈ ಕಾರು ಕ್ಯಾಮರಾದ ಮುಂದೆ ಹತ್ತಿರದಿಂದಲೇ ನಿಲ್ಲಬೇಕಾಗಿತ್ತು. ಇಂಗ್ಲೆಂಡಿನ ಹಳ್ಳಿಯ ಹಾದಿಯಲ್ಲಿಯೂ, ಜರ್ಮನಿಯ ರೊಥೆನ್‌ಬುರ್ಗ್ ಎಂಬ ಪುರಾತನ ಪಟ್ಟಣದ ಕಲ್ಲುಹಾಸಿನ ಬೀದಿಯಲ್ಲಿಯೂ ನಟನಟಿಯರನ್ನೂ ಮಕ್ಕಳನ್ನೂ ಹೊತ್ತು ಓಡಬೇಕಾಗಿತ್ತು. ಅದಕ್ಕಾಗಿ ಏಣಿಯಾಕಾರದ ಉಕ್ಕಿನ ಚೌಕಟ್ಟು ಮಾಡಿ, ಫೋರ್ಡ್ ಕಂಪನಿಯ ಆರು ಸಿಲಿಂಡರಿನ 3 ಲೀಟರ್ ಇಂಜಿನನ್ನೂ ತಾನೇ ಗೇರು ಬದಲಿಸಿಕೊಳ್ಳುವ ಯಂತ್ರವನ್ನೂ ಕೂರಿಸಿದರು. ಹಿಂಭಾಗವನ್ನು ದೋಣಿಯ ಹಿಂಬದಿಯಂತೆ ಕೆಂಪು ಮತ್ತು ಬಿಳಿಯ ದೇವದಾರು ಜಾತಿಯ ಮರದಿಂದ ಮಾಡಿದರು. ಚಕ್ರಗಳು ಹಳೆಯ ಕಾಲದ ಮರದ ಚಕ್ರಗಳಂತೆ ಕಂಡರೂ ವಾಸ್ತವವಾಗಿ ಅಚ್ಚಿನಲ್ಲಿ ಎರಕ ಹೊಯ್ದ ಮಿಶ್ರಲೋಹ. ಮುಂದಿನ ದೀಪಗಳೂ ತುತೂರಿಯೂ ಹಿತ್ತಾಳೆಯ ಹೊಳಪಿನವು. ಸುಮಾರು ಹದಿನೇಳು ಅಡಿ ಉದ್ದ, ಎರಡು ಟನ್ನಿನಷ್ಟು ತೂಕ.

ಇದರಲ್ಲೊಂದು ವಿನೋದವಿದೆ. ಚಿತ್ರದ ಕತೆ ನಡೆಯುವುದು ಸುಮಾರು 1910ರ ಕಾಲದಲ್ಲಿ. ಅಂದರೆ 1967ರ ಕಾರು, ಮೂಲ ಚಿಟ್ಟಿಗಿಂತಲೂ ಹತ್ತು ವರ್ಷ ಹಿರಿಯದೆಂಬ ವೇಷ ಹಾಕಬೇಕಾಯಿತು. ಮೊಮ್ಮಗ ಅಜ್ಜನ ಅಪ್ಪನ ಪಾತ್ರ ಮಾಡಿದಂತೆ! ಮೂಲದ 23 ಲೀಟರಿನ ಯಂತ್ರಕ್ಕೆ ಹೋಲಿಸಿದರೆ ಇದರದು ಏಳನೆಯ ಒಂದು ಭಾಗಕ್ಕೂ ಕಡಮೆ. ಆದರೂ ಇದು ನಿಜವಾಗಿ ಓಡುವ ಕಾರು. ಇಂಗ್ಲೆಂಡಿನ ಮೋಟಾರು ಇಲಾಖೆಯಲ್ಲಿ ಎಲ್ಲ ಕಾರುಗಳಂತೆ ನೋಂದಣಿಯಾಗಿ, ಫ್ಲೆಮಿಂಗರು ಕತೆಯಲ್ಲಿ ಬರೆದಿದ್ದ ಸಂಖ್ಯೆಯನ್ನೇ, 'ಜಿಇಎನ್ 11' ಎಂದು, ಪಡೆಯಿತು. ಕತೆಯೊಳಗಿನ ಸಂಖ್ಯಾಫಲಕಕ್ಕೆ ಸರಕಾರದ ಮುದ್ರೆ ಬಿದ್ದ ಸಂದರ್ಭಗಳು ಲೋಕದಲ್ಲಿ ವಿರಳ.

ಹಾಗಾದರೆ ಅದು ಹಾರಿದ್ದು ಹೇಗೆ? ಒಂದೇ ಕಾರಿನಿಂದ ಎಲ್ಲ ಕೆಲಸವೂ ಆಗದು. ಓಡುವ ಕಾರಿನ ಜತೆಗೆ ಅದರ ಪ್ರತಿರೂಪಗಳನ್ನು ಬೇರೆ ಬೇರೆ ಉದ್ದೇಶಗಳಿಗಾಗಿ ಮಾಡಿದರು. ರೆಕ್ಕೆ ಬಿಚ್ಚುವುದಕ್ಕೊಂದು, ನೀರಿನ ದೃಶ್ಯಕ್ಕೊಂದು, ಇಂಜಿನಿಲ್ಲದೆ ಬೇರೆ ಬಂಡಿಯ ಮೇಲೆ ಹೇರಿಕೊಂಡು ಹೋಗುವುದಕ್ಕೊಂದು, ಹೀಗೆ. ಆಕಾಶದ ದೃಶ್ಯಗಳಲ್ಲಿ ಹಿನ್ನೆಲೆಯ ಬೆಟ್ಟ, ಕಡಲು, ಕೋಟೆಗಳನ್ನು ಬೇರೆಯಾಗಿಯೂ, ಕಾರಿನಲ್ಲಿ ಕುಳಿತ ನಟರನ್ನು ಸ್ಟುಡಿಯೋದಲ್ಲಿ ಬೇರೆಯಾಗಿಯೂ ಚಿತ್ರಿಸಿ, ಎರಡು ಚಿತ್ರಗಳನ್ನೂ ಒಂದೇ ಫಿಲ್ಮಿನಲ್ಲಿ ಬೆಸೆಯುತ್ತಿದ್ದರು. ಗಣಕಯಂತ್ರದಲ್ಲಿ ಎಲ್ಲವನ್ನೂ ಬರೆದುಬಿಡುವ ಇಂದಿನ ಕಾಲದವರಿಗೆ ಬೆಸುಗೆಯ ಗೆರೆ ಅಲ್ಲಲ್ಲಿ ಕಾಣಿಸೀತು. ಆದರೆ ಕಾರು ಮಾತ್ರ ಎಲ್ಲಿಯೂ ಸುಳ್ಳೆನಿಸುವುದಿಲ್ಲ. ಅದರ ಮರ ಮರವೇ, ಹಿತ್ತಾಳೆ ಹಿತ್ತಾಳೆಯೇ ಆಗಿರುವುದು ಇದಕ್ಕೆ ಕಾರಣವೆಂದು ನನಗೆ ತೋರುತ್ತದೆ.

ಈಗ ಆ ಚಿತ್ರದ ಕತೆಯ ಪ್ರಾರಂಭವನ್ನು ಸ್ವಲ್ಪ ನೆನೆಯೋಣ. ಪಂದ್ಯಗಳಲ್ಲಿ ಗೆದ್ದು ಮೆರೆದ ಕಾರೊಂದು ಅಪಘಾತಕ್ಕೀಡಾಗಿ ಹಳ್ಳಿಯ ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದೆ. ಗುಜರಿ ವ್ಯಾಪಾರಿಯೊಬ್ಬ ಅದನ್ನು ಕೊಂಡು ಕುಲುಮೆಯಲ್ಲಿ ಕರಗಿಸಲು ಸಿದ್ಧನಾಗಿದ್ದಾನೆ. ಬೆಲೆ ಮೂವತ್ತು ಷಿಲಿಂಗು, ಎಂದರೆ ಒಂದೂವರೆ ಪೌಂಡು. ದಿನವೂ ಆ ಮುರುಕು ಕಾರಿನಲ್ಲಿ ಕುಳಿತು ಆಡುತ್ತಿದ್ದ ಇಬ್ಬರು ಮಕ್ಕಳು ಓಡಿಬಂದು ತಂದೆಯನ್ನು ಅಂಗಲಾಚುತ್ತಾರೆ. ತಂದೆ ಬಡ ಸಂಶೋಧಕ, ಕೈಯಲ್ಲಿ ಕಾಸಿಲ್ಲ. ಜಾತ್ರೆಯಲ್ಲಿ ಕುಣಿದು ಹಣ ಸಂಪಾದಿಸಿ ಕಾರನ್ನು ಬಿಡಿಸಿ ತರುತ್ತಾನೆ. ಹಗಲಿರುಳು ದುಡಿದು ಹೊಸದಾಗಿಸುತ್ತಾನೆ. ಮಾಯೆಯೆಲ್ಲ ಅನಂತರದ್ದು. ಕತೆಯ ಜೀವವಿರುವುದು ಈ ಬಿಡುಗಡೆಯಲ್ಲಿ.

ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಗೆದ್ದ ನಿಜವಾದ ಚಿಟ್ಟಿಯನ್ನು ಬಿಡಿಸಿ ತರುವ ಮಕ್ಕಳು ಯಾರೂ ಬರಲಿಲ್ಲ. ಗೆಲ್ಲುವುದಕ್ಕಾಗಿ ಹುಟ್ಟಿದ ಕಾರು ಬಿಡಿಬಿಡಿಯಾಗಿ ಮಣ್ಣುಪಾಲಾಯಿತು; ಗೆದ್ದಂತೆ ನಟಿಸುವುದಕ್ಕಾಗಿ ಹುಟ್ಟಿದ ಕಾರು ಉಳಿಯಿತು. ಚಿತ್ರದ ಕೆಲಸ ಮುಗಿದ ಮೇಲೂ ಅದು ಹಲವು ದಶಕಗಳ ಕಾಲ ಇಂಗ್ಲೆಂಡಿನಲ್ಲಿಯೇ ಇದ್ದು, ಮೆರವಣಿಗೆ ಪ್ರದರ್ಶನಗಳಲ್ಲಿ ಓಡಾಡಿತು. 2011ರಲ್ಲಿ ಅಮೆರಿಕೆಯ ಲಾಸ್ ಏಂಜಲೀಸ್ ಬಳಿ ಹರಾಜಿಗೆ ಬಂದಾಗ 8,05,000 ಡಾಲರಿಗೆ ಹೋಯಿತು. ಕೊಂಡವರು ನ್ಯೂಜಿಲೆಂಡಿನ ಚಿತ್ರನಿರ್ದೇಶಕ ಪೀಟರ್ ಜಾಕ್ಸನ್. ಕತೆಯ ಮೂವತ್ತು ಷಿಲಿಂಗೆಲ್ಲಿ, ಈ ಲಕ್ಷಗಟ್ಟಲೆ ಡಾಲರೆಲ್ಲಿ! ಈ ನಡುವೆ 2002ರಲ್ಲಿ ಲಂಡನ್ನಿನ ಪಲ್ಲಾಡಿಯಂ ರಂಗಮಂದಿರದಲ್ಲಿ ಈ ಕತೆ ಸಂಗೀತನಾಟಕವಾಗಿ ಬಂದಾಗ, ಪ್ರೇಕ್ಷಕರ ತಲೆಯ ಮೇಲೆ ತೇಲಿಬರುವಂಥ ಮತ್ತೊಂದು ಚಿಟ್ಟಿಯನ್ನು ಕಟ್ಟಿದರು.

ಜ್ಬೊರೊವ್ಸ್ಕಿಯ ಉಳಿದ ಆಸ್ತಿಯ ಕತೆಯನ್ನೂ ಹೇಳದಿದ್ದರೆ ಲೇಖನ ಪೂರ್ಣವಾಗದು. ಅವನು ಬೇಡಿಕೆ ಕೊಟ್ಟಿದ್ದ ಪುಟ್ಟ ರೈಲು ಇಂಜಿನುಗಳನ್ನು ಮಿತ್ರನಾದ ಕ್ಯಾಪ್ಟನ್ ಹೋವಿ ಎಂಬವನು ಕೊಂಡು, ಕೆಂಟ್ ತೀರದಲ್ಲಿ ರಾಮ್ನಿ, ಹೈದ್ ಮತ್ತು ಡಿಮ್‌ಚರ್ಚ್ ರೈಲುಮಾರ್ಗವನ್ನು 1927ರಲ್ಲಿ ತೆರೆದನು. ಹೈಯಮ್ ಸ್ಪೆಷಲ್ ಕಾರನ್ನು ಪ್ಯಾರಿ ಥಾಮಸ್ ಎಂಬ ಇಂಜಿನಿಯರು 125 ಪೌಂಡಿಗೆ ಕೊಂಡು, ತಿದ್ದಿ, 'ಬ್ಯಾಬ್ಸ್' ಎಂದು ಮರುನಾಮಕರಣ ಮಾಡಿದನು. 1926ರ ಏಪ್ರಿಲಿನಲ್ಲಿ ವೇಲ್ಸ್ ಸೀಮೆಯ ಪೆಂಡೈನ್ ಕಡಲತೀರದಲ್ಲಿ ಗಂಟೆಗೆ 171 ಮೈಲಿ ಓಡಿ ಭೂಮಿಯ ಮೇಲಿನ ವೇಗದ ದಾಖಲೆಯನ್ನು ಅದು ಪಡೆಯಿತು. ಮರುವರ್ಷ ಮಾರ್ಚ್ 3ರಂದು ಅದೇ ಮರಳಿನಲ್ಲಿ, ಅದೇ ಕಾರಿನಲ್ಲಿ, ಥಾಮಸ್ ಅಸುನೀಗಿದನು. ದುಃಖಿತರಾದ ಜನ ಕಾರನ್ನು ಅಲ್ಲಿಯೇ ಮರಳಿನಲ್ಲಿ ಹೂಳಿಬಿಟ್ಟರು.

ನಲವತ್ತೆರಡು ವರ್ಷ ಅದು ಮಣ್ಣಿನಲ್ಲಿತ್ತು. 1969ರಲ್ಲಿ, ಚಿಟ್ಟಿಯ ಚಿತ್ರ ತೆರೆಕಂಡ ಮರುವರ್ಷವೇ, ಅದನ್ನು ಅಗೆದು ತೆಗೆಸಿದವರು ಯಾರು ಬಲ್ಲಿರಾ? ಕೋಟ್ಯಧೀಶರಲ್ಲ, ಕಾರು ಕಂಪನಿಯಲ್ಲ. ವೇಲ್ಸಿನ ಬ್ಯಾಂಗರ್ ಪಟ್ಟಣದ ತಾಂತ್ರಿಕ ಕಾಲೇಜಿನ ಅಧ್ಯಾಪಕರು, ಓವೆನ್ ವಿನ್ ಓವೆನ್. ಉಪ್ಪುನೀರು ತಿಂದು ಬಿಟ್ಟಿದ್ದ ಆ ಲೋಹದ ಅಸ್ಥಿಪಂಜರವನ್ನು ಅವರು ಮನೆಗೆ ತಂದು, ವರ್ಷಗಟ್ಟಲೆ ಕುಳಿತು, ತಾಳ್ಮೆಯಿಂದ ದುರಸ್ತಿ ಮಾಡಿದರು. ಬ್ಯಾಬ್ಸ್ ಮತ್ತೆ ಗುಡುಗಿತು. ಸಿನಿಮಾದ ಬಡ ಸಂಶೋಧಕ ಮಾಡಿದ ಕೆಲಸವನ್ನು ಒಬ್ಬ ಮೇಷ್ಟರು ನಿಜಜೀವನದಲ್ಲಿ ಮಾಡಿ ತೋರಿಸಿದರು. ನಮ್ಮ ಅಧ್ಯಾಪಕವರ್ಗದವರು ಈ ಮಾತನ್ನು ಓದಿ ಸ್ವಲ್ಪ ಹೆಮ್ಮೆಪಟ್ಟರೆ ತಪ್ಪೇನಿಲ್ಲ.

ಮೊದಲು ಎತ್ತಿದ ಪ್ರಶ್ನೆಗೆ ಈಗ ಮರಳೋಣ. ಸಿನಿಮಾದ ಚಿಟ್ಟಿ ನಿಜವಾದ ಕಾರೋ, ಬರಿಯ ವೇಷವೋ? ವೇಷವೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಲೂಯಿ ತನ್ನ ಕಾರನ್ನು ಪ್ರೀತಿಸಿದನು. ಆ ಪ್ರೀತಿ ಅವನೊಡನೆ ಹೋಯಿತು. ಫ್ಲೆಮಿಂಗ್ ಮಗನಿಗೆ ಒಂದು ಕತೆ ಹೇಳಿದರು. ತಂದೆ ಹೋದರು, 1975ರಲ್ಲಿ ಇಪ್ಪತ್ತಮೂರರ ಹರೆಯದಲ್ಲಿಯೇ ಆ ಮಗನೂ ಹೋದನು. ಕತೆ ಮಾತ್ರ ಉಳಿಯಿತು. ಆ ಕತೆಯ ಬಲದಿಂದಲೇ ಮರ, ಹಿತ್ತಾಳೆ, ಉಕ್ಕುಗಳ ಒಂದು ಕಾರು ಇಂದಿಗೂ ಉಳಿದಿದೆ. ಅದರ ಹೆಸರಿನ ಜತೆಗೆ ಜ್ಬೊರೊವ್ಸ್ಕಿಯ ಹೆಸರೂ ನೆನಪಿನಲ್ಲಿ ನಿಂತಿದೆ. ಆ ಚಿತ್ರವಿಲ್ಲದಿದ್ದರೆ ನೂರು ವರ್ಷದ ಹಿಂದಿನ ಆ ತರುಣನ ಸಾಹಸವನ್ನು ಕುರಿತು ಇಷ್ಟು ದೂರದ ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಯಾರು ಬರೆಯುತ್ತಿದ್ದರು?

ವಸ್ತುವಿನ ಆಯುಷ್ಯ ಅದರ ಉಕ್ಕಿನ ದಪ್ಪವನ್ನು ಅವಲಂಬಿಸಿಲ್ಲ. ಅದನ್ನು ಕುರಿತು ಯಾರಾದರೂ ಕತೆ ಹೇಳುತ್ತಾರೆಯೇ, ಅದು ಬೇಕೆಂದು ಯಾವ ಮಗುವಾದರೂ ಹಟ ಹಿಡಿಯುತ್ತದೆಯೇ ಎಂಬುದನ್ನು ಅವಲಂಬಿಸಿದೆ. ನಮ್ಮ ಮನೆಯ ಅಟ್ಟಗಳಲ್ಲಿಯೂ ಹಿತ್ತಲುಗಳಲ್ಲಿಯೂ ಹಳೆಯ ಸಾಮಾನುಗಳು ಬಿದ್ದಿವೆ. ಹಬ್ಬದ ಮುಂಚೆ ಮನೆ ಗುಡಿಸುವಾಗ ಗುಜರಿಯವನ ತಕ್ಕಡಿಗೆ ಅವನ್ನು ಹಾಕುವ ಮೊದಲು, ಅವು ಯಾರ ಕೈಯಲ್ಲಿ ಹೇಗೆ ಬಾಳಿದವೆಂದು ಮನೆಯ ಹಿರಿಯರನ್ನು ಒಮ್ಮೆ ಕೇಳೋಣ. ಹೇಳುವ ಕತೆಯಿದ್ದರೆ ತೂಕಕ್ಕೆ ಹಾಕುವ ಮಾತು ತಾನಾಗಿಯೇ ನಿಂತೀತು.